46 ರೆಕಾರ್ಡ್ ಡಿಲೀಟ್ ಮಾಡೋಕೆ ಹೋಗಿ 8,319 ಹೋಯ್ತು, ಲೈಕ್‌ನಲ್ಲಿ ಈ ಅಂಡರ್‌ಸ್ಕೋರ್ ಏನ್ ಮಾಡುತ್ತೆ ಸ್ವಲ್ಪ ಹೇಳ್ರಪ್ಪಾ

ಸಾಲುಗಳ್ಳ
ಫೋನಲ್ಲಿ ಕನ್ನಡ ಕೀಬೋರ್ಡಷ್ಟೇ ಹಾಕಿರೋದು, ಅದಕ್ಕೆ ಕ್ವೆರಿನೂ ಕನ್ನಡದಲ್ಲೇ ಬರೀತಿದೀನಿ, ಬೈಕೋಬೇಡಿ. ವಿಷ್ಯ ಏನಂದ್ರೆ ಆಫೀಸಲ್ಲಿ ಫೈಲ್‌ಗಳ ಲೆಕ್ಕ ಇಡೋ ಒಂದು ಟೇಬಲ್ ಇದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್. ಕೋಡ್ ಅನ್ನೋ ಕಾಲಮ್ಮಲ್ಲಿ 1998/12, 2019/114, 2023/7 ಈ ತರ ಇರ್ತವೆ. ಹೋದ ವಾರ ಟೆಸ್ಟ್ ಮಾಡೋಕೆ ಅಂತ ನಾನೇ 20_1, 20_2 ಅಂತ ಶುರು ಮಾಡಿ 20_46 ವರೆಗೂ ಸುಳ್ಳು ರೆಕಾರ್ಡ್ ತುಂಬಿದ್ದೆ, 20ನೇ ಬ್ಯಾಚ್ ಅನ್ನೋ ಲೆಕ್ಕದಲ್ಲಿ. ಇವತ್ತು ಅದನ್ನ ತೆಗೆದುಬಿಡೋಣ ಅಂತ

ಡಿಲೀಟ್ ಫ್ರಮ್ ಫೈಲ್ಸ್ ವೇರ್ ಕೋಡ್ ಲೈಕ್ '20_%'

ಅಂತ ಕೊಟ್ಟೆ, ಲೈಕ್ ಅಂದ್ರೆ ಈ ಅಚ್ಚಿಗೆ ಹೊಂದೋದನ್ನ ಹುಡುಕು ಅಂತ. ಕೆಳಗಡೆ ಡಿಲೀಟ್ 8319 ಅಂತ ಬಂತು. ನಂಗೆ ಕೈಕಾಲು ತಣ್ಣಗಾಗೋಯ್ತು. ಈಗ ಟೇಬಲ್ಲಲ್ಲಿ ಉಳಿದಿರೋದು 19ರಿಂದ ಶುರುವಾಗೋ ಹಳೇ ಫೈಲ್‌ಗಳು ಮಾತ್ರ. ಪರ್ಸೆಂಟ್ ಅಂದ್ರೆ ಮುಂದೆ ಏನ್ ಬೇಕಾದ್ರೂ ಇರಬಹುದು ಅಂತ ಗೊತ್ತಿತ್ತು, ಆದ್ರೆ ಅಂಡರ್‌ಸ್ಕೋರ್ ಅಂದ್ರೆ ಅಂಡರ್‌ಸ್ಕೋರೇ ತಾನೆ?

ಕಮಿಟ್_ಮಾಡ್ಬೇಡಿ
ಬ್ಯಾಕಪ್ ಇದ್ಯಾ? ಅದನ್ನ ಹೇಳಿ ಮೊದ್ಲು. ಪಾಠ ಆಮೇಲೆ ಮಾಡೋಣ.

ಸಾಲುಗಳ್ಳ
ಇದೆ, ಆದ್ರೆ ಮೂರು ದಿನ ಹಿಂದಿಂದು. ಬ್ಯಾಕಪ್ ನೋಡ್ಕೊಳ್ಳೋರಿಗೆ ಫೋನ್ ಮಾಡಿದೀನಿ, ಬರ್ತಿದಾರೆ. ಅವರು ಬರೋ ತನಕ ಕೂತು ಬೆವರ್ತಾ ಇದನ್ನ ಟೈಪ್ ಮಾಡ್ತಿದೀನಿ.

ಕ್ವೆರಿಅಕ್ಕ
ಲೈಕ್‌ನಲ್ಲಿ ಎರಡು ವೈಲ್ಡ್‌ಕಾರ್ಡ್ ಇವೆ ಕಣಪ್ಪ. % ಅಂದ್ರೆ ಎಷ್ಟು ಅಕ್ಷರ ಬೇಕಾದ್ರೂ, ಒಂದೂ ಇಲ್ದಿದ್ರೂ ಸರಿ. _ ಅಂದ್ರೆ ಯಾವುದಾದ್ರೂ ಒಂದು ಅಕ್ಷರ, ಒಂದು ಇರಲೇಬೇಕು. ಈಗ ನಿನ್ನ ಪ್ಯಾಟರ್ನ್ ಓದು. 20, ಆಮೇಲೆ ಯಾವುದೋ ಒಂದು ಅಕ್ಷರ, ಆಮೇಲೆ ಏನಾದ್ರೂ. 2019/114 ಅನ್ನೋದ್ರಲ್ಲಿ 20 ಇದೆ, ಆಮೇಲೆ 1 ಇದೆ, ಆಮೇಲೆ ಉಳಿದಿದ್ದು ಇದೆ. ಸರಿಹೊಂದ್ತು, ಹೋಯ್ತು. ನೀನು 2000ದಿಂದ ಈಚೆಗಿನ ಎಲ್ಲ ವರ್ಷಾನೂ ಅಳಿಸು ಅಂತ ಹೇಳಿದೀಯ, ಅದು ಅಳಿಸಿದೆ. ಅದರದ್ದೇನೂ ತಪ್ಪಿಲ್ಲ.

ತೂಕಡಿಕೆ
ಅಂಡರ್‌ಸ್ಕೋರ್ ಅಂದ್ರೆ ಒಂದು ಅಥವಾ ಸೊನ್ನೆ ಅಕ್ಷರ ಅಲ್ವಾ?

ಕ್ವೆರಿಅಕ್ಕ
ಅಲ್ಲ. ಕರೆಕ್ಟಾಗಿ ಒಂದೇ. ಬರೀ '20' ಅಂತ ಒಂದು ಕೋಡ್ ಇದ್ದಿದ್ರೆ ಅದೊಂದು ಉಳ್ಕೊಳ್ತಿತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಚ್ಚು ಬರೆದು ಹುಡುಕೋ ಇನ್ನೊಂದು ವಿಧಾನ) ಇದ್ಯಲ್ಲ, ಅದರ ಪ್ರಶ್ನೆಚಿಹ್ನೆ ಜೊತೆ ಕಲಸ್ಕೊಂಡಿದೀರ ಅನ್ಸುತ್ತೆ.

ಹಳೇಬೇರು
ನಿಜವಾದ ಅಂಡರ್‌ಸ್ಕೋರ್ ಹುಡುಕ್ಬೇಕು ಅಂದ್ರೆ ಎಸ್ಕೇಪ್ ಮಾಡ್ಬೇಕು, ಅಂದ್ರೆ ಇದು ವೈಲ್ಡ್‌ಕಾರ್ಡ್ ಅಲ್ಲ ಅಂತ ಗುರುತು ಹಾಕ್ಬೇಕು. ಪೋಸ್ಟ್‌ಗ್ರೆಸ್ ಮತ್ತೆ ಮೈಎಸ್‌ಕ್ಯೂಎಲ್‌ನಲ್ಲಿ ಅದಕ್ಕೂ ಮೊದ್ಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದ್ರೆ ಸಾಕು, '20\_%'. ಒರಾಕಲ್, ಎಸ್‌ಕ್ಯೂಎಲೈಟ್ ಎರಡರಲ್ಲೂ ತಾನಾಗೇ ಯಾವ ಎಸ್ಕೇಪ್ ಅಕ್ಷರನೂ ಇರಲ್ಲ, ನೀವೇ ಹೇಳ್ಬೇಕು. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಲ್ಲಾದ್ರೆ ಚೌಕ ಬ್ರ್ಯಾಕೆಟ್ ಒಳಗೆ ಕೂರಿಸಬಹುದು, '20[_]%'. ಇವೆಲ್ಲದರಲ್ಲೂ ನಡೆಯೋದು ಬೇಕಾದ್ರೆ

ಲೈಕ್ '20!_%' ಎಸ್ಕೇಪ್ '!'

ಅಂತ ಬರೀರಿ. ನಾನು ಬ್ಯಾಕ್‌ಸ್ಲ್ಯಾಶ್ ಬಿಟ್ಟು ಆಶ್ಚರ್ಯಸೂಚಕಾನೇ ಬಳಸ್ತೀನಿ, ಯಾಕಂದ್ರೆ ಬ್ಯಾಕ್‌ಸ್ಲ್ಯಾಶನ್ನ ಪ್ರೋಗ್ರಾಮಿಂಗ್ ಭಾಷೆ ಒಂದ್ಸಲ ತಿನ್ನುತ್ತೆ, ಮೈಎಸ್‌ಕ್ಯೂಎಲ್‌ನ ಸ್ಟ್ರಿಂಗ್ ಇನ್ನೊಂದ್ಸಲ ತಿನ್ನುತ್ತೆ, ಲೈಕ್ ಕೈಗೆ ಬರೋಷ್ಟರಲ್ಲಿ ಏನೂ ಉಳಿದಿರಲ್ಲ. ಅದರಲ್ಲಿ ನಿಜವಾದ ಒಂದು ಬ್ಯಾಕ್‌ಸ್ಲ್ಯಾಶ್ ಹುಡುಕೋಕೆ ನಾಲ್ಕು ಬರೀಬೇಕು, ಬರೆದು ನೋಡಿದ್ರೆ ಬೇಲಿ ಹಾಕ್ದಂಗಿರುತ್ತೆ.

ಬೈನರಿಭಾವ
ಇಷ್ಟೆಲ್ಲಾ ಸರ್ಕಸ್ ಯಾಕೆ ಗುರು, ಲೆಫ್ಟ್(ಕೋಡ್, 3) = '20_' ಅಂತ ಕೊಟ್ರೆ ಮುಗೀತು. ವೈಲ್ಡ್‌ಕಾರ್ಡೂ ಇಲ್ಲ, ಎಸ್ಕೇಪೂ ಇಲ್ಲ.

ಹಳೇಬೇರು
ಒಂದ್ಸಲ ಡಿಲೀಟ್ ಮಾಡೋಕೆ ಪರವಾಗಿಲ್ಲ. ದಿನಾ ಓಡೋ ಕ್ವೆರಿಲಿ ಹಾಕ್ಬೇಡಿ. ಕಾಲಮ್ಮಿಗೆ ಫಂಕ್ಷನ್ ಸುತ್ತಿದ್ರೆ ಅದರ ಮೇಲಿರೋ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇಟ್ಕೊಳ್ಳೋ ಪಟ್ಟಿ) ಕೆಲ್ಸಕ್ಕೆ ಬರಲ್ಲ, ಪ್ರತಿ ರೆಕಾರ್ಡನ್ನೂ ಎತ್ತಿ ನೋಡುತ್ತೆ.

ಬೈನರಿಭಾವ
ಲೈಕೂ ಹಂಗೇ ಅಲ್ವಾ, ಲೈಕ್ ಬಂದ್ರೆ ಇಂಡೆಕ್ಸ್ ಸತ್ತೋಯ್ತು ಅಂತ ನಮ್ ಟೀಮಲ್ಲಿ ಎಲ್ರೂ ಹೇಳ್ತಾರೆ.

ಕ್ವೆರಿಅಕ್ಕ
ಎಲ್ರೂ ಅರ್ಧ ಹೇಳ್ತಾರೆ. ನಿಘಂಟು ತಗೋ. "ಕಲ"ದಿಂದ ಶುರುವಾಗೋ ಪದ ಹುಡುಕು ಅಂದ್ರೆ ನೇರ ಆ ಪುಟಕ್ಕೆ ಹೋಗ್ತೀಯ. "ಗಾರ" ಅಂತ ಕೊನೆಯಾಗೋ ಪದ ಹುಡುಕು ಅಂದ್ರೆ ಮೊದಲ ಪುಟದಿಂದ ಕೊನೇ ಪುಟದ ತನಕ ಓದ್ಬೇಕು. ಇಂಡೆಕ್ಸೂ ಅಷ್ಟೇ. 'ಕಲ%' ಅಂದ್ರೆ ಬಿ-ಟ್ರೀ ಇಂಡೆಕ್ಸ್ ಓಡುತ್ತೆ, '%ಗಾರ' ಅಂದ್ರೆ ಓಡಲ್ಲ. ಕೊಲ್ಲೋದು ಮುಂದೆ ಕೂತಿರೋ ಪರ್ಸೆಂಟು, ಲೈಕ್ ಅಲ್ಲ.

ಅರ್ಧವಿರಾಮ
ಅಕ್ಕಾ, ಪೋಸ್ಟ್‌ಗ್ರೆಸ್ ಅಂದ ಮೇಲೆ ಅದಕ್ಕೊಂದು ಬಾಲ ಇದೆ. ಡೇಟಾಬೇಸಿನ ಲೊಕೇಲ್ (ಅಕ್ಷರಗಳ ಕ್ರಮ ಹೇಳೋ ಭಾಷಾ ಸೆಟ್ಟಿಂಗ್) 'ಸಿ' ಆಗಿರ್ಲಿಲ್ಲ ಅಂದ್ರೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ 'ಕಲ%'ಗೂ ಬರಲ್ಲ, ಟೆಕ್ಸ್ಟ್_ಪ್ಯಾಟರ್ನ್_ಆಪ್ಸ್ ಅಂತ ಹೇಳಿ ಇನ್ನೊಂದು ಇಂಡೆಕ್ಸ್ ಮಾಡ್ಬೇಕು. ನಾನು ಇದು ಗೊತ್ತಿಲ್ದೆ ಎರಡು ದಿನ ಎಕ್ಸ್‌ಪ್ಲೇನ್ (ಕ್ವೆರಿ ಹೆಂಗೆ ಓಡುತ್ತೆ ಅಂತ ತೋರಿಸೋದು) ನೋಡ್ಕೊಂಡು ತಲೆ ಕೆರ್ಕೊಂಡಿದೀನಿ. ಇಂಡೆಕ್ಸ್ ಇದೆ, ಪ್ಯಾಟರ್ನ್ ಸರಿಯಿದೆ, ಆದ್ರೂ ಸೀಕ್ವೆನ್ಶಿಯಲ್ ಸ್ಕ್ಯಾನ್ (ಪೂರ್ತಿ ಟೇಬಲ್ ಓದೋದು) ಅಂತಾನೇ ಬರ್ತಿತ್ತು.

ಕ್ವೆರಿಅಕ್ಕ
ಹೌದು, ಅದನ್ನ ಬಿಟ್ಟಿದ್ದೆ. ಥ್ಯಾಂಕ್ಸ್.

ತೂಕಡಿಕೆ
ಸರಿ ಹಂಗಾದ್ರೆ '%ಗಾರ' ವೇಗವಾಗಿ ಬೇಕು ಅಂದ್ರೆ ಏನ್ಮಾಡೋದು? ನಂದು 12 ಲಕ್ಷ ರೆಕಾರ್ಡ್ ಇದೆ, ಯೂಸರ್‌ಗಳು ಮಧ್ಯದ ಪದಾನೇ ಹುಡುಕೋದು.

ಹಳೇಬೇರು
ಬರೀ ಕೊನೆ ಭಾಗ ಹುಡುಕೋದಾದ್ರೆ ಹೆಸರನ್ನ ತಿರುಗಿಸಿ ಇಂಡೆಕ್ಸ್ ಮಾಡಿ, ಹುಡುಕೋ ಪದಾನೂ ತಿರುಗಿಸಿ, ಆಗ ಬಾಲ ತಲೆಯಾಗುತ್ತೆ, ಪರ್ಸೆಂಟ್ ಹಿಂದಕ್ಕೆ ಹೋಗುತ್ತೆ. ಮಧ್ಯದ್ದು ಬೇಕಾದ್ರೆ ಪೋಸ್ಟ್‌ಗ್ರೆಸ್ಸಲ್ಲಿ ಪಿಜಿ_ಟ್ರಿಗ್ರಾಮ್ (ಚಿಕ್ಕದಾಗಿ ಟಿಆರ್‌ಜಿಎಮ್ ಅಂತ ಬರೀತಾರೆ) ಎಕ್ಸ್‌ಟೆನ್ಶನ್ ಹಾಕಿ. ಪದವನ್ನ ಮೂರ್ಮೂರು ಅಕ್ಷರದ ತುಂಡು ಮಾಡಿ ಇಂಡೆಕ್ಸಲ್ಲಿ ಇಟ್ಕೊಳುತ್ತೆ, 9.1ನೇ ಆವೃತ್ತಿಯಿಂದ ಲೈಕ್‌ಗೂ ಅದು ಓಡುತ್ತೆ. ಆದ್ರೆ ಯೂಸರ್ ಎರಡೇ ಅಕ್ಷರ ಕೊಟ್ರೆ ತುಂಡೇ ಸಿಗಲ್ಲ, ಮತ್ತೆ ಹಳೇ ಕತೆ. ಎಸ್‌ಕ್ಯೂಎಲೈಟ್‌ನಲ್ಲಿ ಪಠ್ಯ ಹುಡುಕೋಕೆ ಇರೋ ಎಫ್‌ಟಿಎಸ್5ನಲ್ಲೂ 3.34ರಿಂದ ಟ್ರಿಗ್ರಾಮ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಫುಲ್‌ಟೆಕ್ಸ್ಟ್ ಇಂಡೆಕ್ಸಿಗೆ ಎನ್‌ಗ್ರಾಮ್ ಪಾರ್ಸರ್ ಇದೆ.

ಬೈನರಿಭಾವ
ಅಥವಾ ಸೀಕ್ವೆಲ್ ಬಿಟ್ಟು ಒಂದು ಸರ್ಚ್ ಇಂಜಿನ್ ಹಾಕ್ಕೊಳ್ಳಿ.

ಕಮಿಟ್_ಮಾಡ್ಬೇಡಿ
ಸೀಕ್ವೆಲ್ ಅಲ್ಲ, ಎಸ್‌ಕ್ಯೂಎಲ್.

ಬೈನರಿಭಾವ
ಬಂದ್ರಪ್ಪ.

ಹಳೇಬೇರು
ಇಬ್ರೂ ಸುಮ್ನಿರಿ. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಪೇಪರ್ ಬರೆದಾಗ ಈ ಕ್ವೆರಿ ಭಾಷೆ ಹೆಸರು ಸೀಕ್ವೆಲ್ ಅಂತಾನೇ ಇತ್ತು, ಟ್ರೇಡ್‌ಮಾರ್ಕ್ ತಕರಾರು ಅಂತ ಆಮೇಲೆ ಎಸ್‌ಕ್ಯೂಎಲ್ ಆಯ್ತು. ಯಾರು ಹೆಂಗಂದ್ರೂ ಕ್ವೆರಿ ಓಡುತ್ತೆ.

ಕಮಿಟ್_ಮಾಡ್ಬೇಡಿ
ಓಡುತ್ತೆ, ಓಡಿ 8,319 ಹೊಡೆಯುತ್ತೆ ಕೂಡ. ಸಾಲುಗಳ್ಳ ಅವರೇ, ನೊಂದ್ಕೋಬೇಡಿ, ಆದ್ರೆ ಇದೊಂದು ಮಾಡ್ಕೊಳ್ಳಿ. ಡಿಲೀಟ್ ಬರೆಯೋಕೆ ಮುಂಚೆ ಅದೇ ವೇರ್ ಇಟ್ಕೊಂಡು ಸೆಲೆಕ್ಟ್ ಕೌಂಟ್ ಹೊಡೀರಿ. 46 ಬರಬೇಕಾದ ಕಡೆ 8,319 ಬಂದಿದ್ರೆ ಅಲ್ಲೇ ಕೈ ನಿಲ್ತಿತ್ತು. ಆಮೇಲೆ ಬಿಗಿನ್ ಅಂತ ಕೊಟ್ಟು ಡಿಲೀಟ್ ಮಾಡಿ, ಎಷ್ಟು ಹೋಯ್ತು ನೋಡಿ, ಸರಿ ಇದ್ರೆ ಕಮಿಟ್ (ಖಾಯಂ ಮಾಡೋದು), ಇಲ್ದಿದ್ರೆ ರೋಲ್‌ಬ್ಯಾಕ್ (ಮೊದಲಿನಂಗೆ ಮಾಡೋದು). ಪೋಸ್ಟ್‌ಗ್ರೆಸ್ಸಿನ ಪಿಎಸ್‌ಕ್ಯೂಎಲ್‌ನಲ್ಲೂ ಮೈಎಸ್‌ಕ್ಯೂಎಲ್ ಕ್ಲೈಂಟಲ್ಲೂ ಬಿಗಿನ್ ಕೊಡ್ಲಿಲ್ಲ ಅಂದ್ರೆ ಆಟೋಕಮಿಟ್, ಎಂಟರ್ ಒತ್ತಿದ ಮೇಲೆ ಮುಗೀತು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಹಳೇ ಮೈಐಸ್ಯಾಮ್ ತರದ್ದಾಗಿದ್ರೆ ಬಿಗಿನ್ ಕೊಟ್ರೂ ಪ್ರಯೋಜನ ಇಲ್ಲ, ಅದಕ್ಕೆ ಟ್ರಾನ್ಸಾಕ್ಷನ್ನೇ ಗೊತ್ತಿಲ್ಲ. ನನ್ನ ಹ್ಯಾಂಡಲ್ ಸುಮ್ನೆ ಬಂದಿದ್ದಲ್ಲ ಸ್ವಾಮಿ.

ಚುಕ್ಕಿಗೆರೆ
ನಂದೊಂದು ಹಳೇ ಗಾಯ ಇದೆ ಹೇಳ್ತೀನಿ. ಮೈಕ್ರೋಸಾಫ್ಟ್ ಆಕ್ಸೆಸ್ಸಲ್ಲಿ ಕ್ವೆರಿ ಬರೆದೆ, ಲೈಕ್ 'ರಾ*' ಅಂತ. ಅಲ್ಲಿ ಪರ್ಸೆಂಟ್ ಬದಲು ನಕ್ಷತ್ರ, ಅಂಡರ್‌ಸ್ಕೋರ್ ಬದಲು ಪ್ರಶ್ನೆಚಿಹ್ನೆ, ಒಂದು ಅಂಕಿಗೆ # ಹಾಕೋದು. ಚೆನ್ನಾಗಿ ಓಡ್ತು, ಇನ್ನೂರು ಚಿಲ್ರೆ ಹೆಸರು ಬಂತು. ಅದೇ ಕ್ವೆರಿನ ಕಾಪಿ ಮಾಡಿ ಹೊರಗಿನ ಪ್ರೋಗ್ರಾಮಿಂದ ಎಡಿಒ (ಡೇಟಾಬೇಸಿಗೆ ಕನೆಕ್ಟ್ ಮಾಡೋ ಮೈಕ್ರೋಸಾಫ್ಟ್ ಲೈಬ್ರರಿ) ಮೂಲಕ ಅದೇ ಫೈಲ್ ಮೇಲೆ ಓಡಿಸಿದೆ, ಸೊನ್ನೆ. ಎರರ್ ಬಂದಿದ್ರೆ ಖುಷಿಯಾಗ್ತಿತ್ತು, ಏನೂ ಇಲ್ಲ, ತಣ್ಣಗೆ ಸೊನ್ನೆ. ಕನೆಕ್ಷನ್ ತಪ್ಪಾ, ಫೈಲ್ ಬೇರೆನಾ, ಪರ್ಮಿಶನ್ನಾ ಅಂತ ಎಲ್ಲ ನೋಡಿ ನೋಡಿ ಸಾಕಾಯ್ತು. ಕೊನೆಗೆ ಗೊತ್ತಾಗಿದ್ದು ಆ ದಾರಿಲಿ ಹೋದ್ರೆ ಅದೇ ಇಂಜಿನ್ನು % ಮತ್ತೆ _ ಕೇಳುತ್ತೆ, ನಕ್ಷತ್ರ ಅಂದ್ರೆ ನಿಜವಾದ ನಕ್ಷತ್ರ ಚಿಹ್ನೆ ಇರೋ ಹೆಸರು ಹುಡುಕುತ್ತೆ ಅಂತ. ನಕ್ಷತ್ರ ಇಟ್ಕೊಂಡಿರೋ ಹೆಸರು ಯಾರದ್ದಿರುತ್ತೆ.

ಅರ್ಧವಿರಾಮ
ಅದಕ್ಕೆ ಆಕ್ಸೆಸ್ಸಲ್ಲಿ ಎಲೈಕ್ ಅಂತ ಒಂದು ಪದ ಇದೆ, ಅದು ಎರಡೂ ಕಡೆ ಪರ್ಸೆಂಟೇ ಕೇಳುತ್ತೆ. ಎಸ್‌ಕ್ಯೂಎಲೈಟ್‌ನಲ್ಲಿ ನಕ್ಷತ್ರ ಇಷ್ಟ ಅಂದ್ರೆ ಗ್ಲಾಬ್ ಇದೆ, ಯೂನಿಕ್ಸ್ ಶೆಲ್ ತರ * ಮತ್ತೆ ?, ಆದ್ರೆ ಅದು ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅನ್ನುತ್ತೆ.

ತೂಕಡಿಕೆ
ದೊಡ್ಡಕ್ಷರ ಸಣ್ಣಕ್ಷರ ಅಂದ್ರಲ್ಲ, ಲೈಕ್ ಯಾವುದ್ರಲ್ಲಿ ಹೆಂಗೆ?

ಅರ್ಧವಿರಾಮ
ಪೋಸ್ಟ್‌ಗ್ರೆಸ್, ಒರಾಕಲ್ ಎರಡೂ ಕಟ್ಟುನಿಟ್ಟು, ಬೇರೆ ಬೇರೆ ಅಂತಾನೇ ನೋಡ್ತವೆ. ಪೋಸ್ಟ್‌ಗ್ರೆಸ್ಸಲ್ಲಿ ಐಲೈಕ್ ಅಂತ ಕೊಟ್ರೆ ಸಡಿಲ ಆಗುತ್ತೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎರಡರಲ್ಲೂ ಕೊಲೇಶನ್ (ಅಕ್ಷರ ಹೋಲಿಸೋ ನಿಯಮ) ಹೇಳ್ದಂಗೆ, ಹೆಚ್ಚಿನ ಕಡೆ ಸಡಿಲ. ಎಸ್‌ಕ್ಯೂಎಲೈಟ್ ಸಡಿಲ, ಆದ್ರೆ ಇಂಗ್ಲಿಷ್ ಅಕ್ಷರಕ್ಕೆ ಮಾತ್ರ.

ಚುಕ್ಕಿಗೆರೆ
ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಇಲ್ವಲ್ಲ, ನಾವು ಬಚಾವ್.

ಒತ್ತಕ್ಷರ
ಬಚಾವ್ ಅಂತೆ! ಯೂನಿಕೋಡ್ ಬರೋ ಮುಂಚೆ ನುಡಿ ಫಾಂಟಲ್ಲಿ ತುಂಬಿದ ಡೇಟಾ ಕೈಗೆ ಬಂದ್ರೆ ಗೊತ್ತಾಗುತ್ತೆ. ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳು, ಫಾಂಟು ಅದನ್ನ ಕನ್ನಡ ತರ ತೋರಿಸುತ್ತೆ ಅಷ್ಟೆ. ಅದರಲ್ಲಿ ದೊಡ್ಡ ಝಡ್ ಇದ್ರೆ ಚ, ಸಣ್ಣ ಝಡ್ ಇದ್ರೆ ದ. ಸಡಿಲ ಕೊಲೇಶನ್ ಇರೋ ಟೇಬಲ್ಲಲ್ಲಿ ಲೈಕ್ ಹಾಕಿದ್ರೆ ಚ ಮತ್ತೆ ದ ಎರಡೂ ಒಂದೇ ಅಂತ ತಂದು ಸುರಿಯುತ್ತೆ. ಚ ಅಕ್ಷರದವರನ್ನ ಕೇಳಿದ್ರೆ ದ ಅಕ್ಷರದವರೆಲ್ಲ ಸಾಲಾಗಿ ಬರ್ತಾರೆ. ಮೊದ್ಲು ಯೂನಿಕೋಡಿಗೆ ತಿರುಗಿಸಿ, ಆಮೇಲೆ ಹುಡುಕಾಟ.

ಸಾಲುಗಳ್ಳ
ಅಪ್‌ಡೇಟ್. ಬ್ಯಾಕಪ್ ನೋಡ್ಕೊಳ್ಳೋರು ಬಂದ್ರು, ಬೈಲಿಲ್ಲ, ಅದೇ ಜಾಸ್ತಿ ಭಯ ಆಯ್ತು. ಮೂರು ದಿನ ಹಿಂದಿನ ಬ್ಯಾಕಪ್ ಬೇರೆ ಡೇಟಾಬೇಸಿಗೆ ಹಾಕಿ ಅಲ್ಲಿಂದ ಹೋದ ರೆಕಾರ್ಡ್ ಇಲ್ಲಿಗೆ ತಂದ್ರು. ಆಮೇಲೆ ಸೇರಿದ 31 ಫೈಲ್ ಮಾತ್ರ ಸಿಗ್ಲಿಲ್ಲ, ಅದು ರಿಜಿಸ್ಟರ್ ಪುಸ್ತಕದಲ್ಲಿ ಇದೆ, ನಾಳೆ ಕೂತು ಟೈಪ್ ಮಾಡ್ತೀನಿ. 20_ ಟೆಸ್ಟ್ ರೆಕಾರ್ಡೂ ಬ್ಯಾಕಪ್ ಜೊತೆ ವಾಪಸ್ ಬಂದಿವೆ. ಈ ಸಲ ಎಸ್ಕೇಪ್ ಹಾಕಿ ಮೊದ್ಲು ಕೌಂಟ್ ಹೊಡೆದೆ, 46 ಬಂತು. ಬಿಗಿನ್ ಹಾಕಿ ಡಿಲೀಟ್ ಕೊಟ್ಟು ಕಮಿಟ್ ಒತ್ತೋಕೆ ಮುಂಚೆ ಐದು ನಿಮಿಷ ಸುಮ್ನೆ ಸ್ಕ್ರೀನ್ ನೋಡ್ತಾ ಕೂತಿದ್ದೆ.

ಕಮಿಟ್_ಮಾಡ್ಬೇಡಿ
ಅದೇ ಸರಿಯಾದ ರೀತಿ.

ಸಾಲುಗಳ್ಳ
ಇನ್ನೊಂದು ಪ್ರಶ್ನೆ ಇದೆ ಆದ್ರೆ. ಇದೇ ಪ್ರೋಗ್ರಾಮಲ್ಲಿ ಹೆಸರು ಹುಡುಕೋ ಬಾಕ್ಸ್ ಇದೆ, ಯೂಸರ್ ಅಲ್ಲಿ ಅಂಡರ್‌ಸ್ಕೋರ್ ಅಥವಾ ಪರ್ಸೆಂಟ್ ಹೊಡೆದ್ರೆ ಇದೇ ತರ ಆಗುತ್ತಲ್ವಾ?

ಬೈನರಿಭಾವ
ಬೈಂಡ್ ಪ್ಯಾರಾಮೀಟರ್ (ಯೂಸರ್ ಕೊಟ್ಟಿದ್ದನ್ನ ಕ್ವೆರಿಗೆ ಬೇರೆಯಾಗಿ ಕಳ್ಸೋದು) ಬಳಸ್ತಿದ್ರೆ ಏನೂ ಆಗಲ್ಲ, ಇಂಜೆಕ್ಷನ್ (ಬಾಕ್ಸಿಂದ ಕ್ವೆರಿನೇ ಬದಲಾಯಿಸೋದು) ಎಲ್ಲ ಅದೇ ತಡೆಯುತ್ತೆ.

ಕ್ವೆರಿಅಕ್ಕ
ಇಂಜೆಕ್ಷನ್ ತಡೆಯುತ್ತೆ, ವೈಲ್ಡ್‌ಕಾರ್ಡ್ ತಡೆಯಲ್ಲ. ಎರಡೂ ಬೇರೆ. ಪ್ಯಾರಾಮೀಟರಲ್ಲಿ ಬಂದಿದ್ರೂ ಪರ್ಸೆಂಟ್ ಲೈಕ್ ಕೈಗೆ ಸಿಕ್ಕಾಗ ಪರ್ಸೆಂಟೇ. ಬಾಕ್ಸಲ್ಲಿ ಬರೀ % ಹೊಡೆದು ಎಂಟರ್ ಒತ್ತಿ ನೋಡು, ಇಡೀ ಟೇಬಲ್ ಬರುತ್ತೆ. ಅದಕ್ಕೆ ಯೂಸರ್ ಕೊಟ್ಟಿದ್ದನ್ನ ಮೊದ್ಲು ಎಸ್ಕೇಪ್ ಮಾಡ್ಬೇಕು, ಆಮೇಲೆ ನಿನ್ನ ಪರ್ಸೆಂಟ್ ಎರಡೂ ಕಡೆ ಅಂಟಿಸ್ಬೇಕು.

ಇನ್ನೊಂದು, '%?%' ಅಂತ ಕೋಟ್ ಒಳಗೆ ಪ್ರಶ್ನೆಚಿಹ್ನೆ ಇಡಬೇಡ. ಕೋಟ್ ಒಳಗಿದ್ರೆ ಅದು ಪ್ಯಾರಾಮೀಟರ್ ಅಲ್ಲ, ಬರೀ ಪ್ರಶ್ನೆಚಿಹ್ನೆ. '%' || ? || '%' ಅಂತ ಬರಿ, ಇಲ್ಲ ಪ್ರೋಗ್ರಾಮಲ್ಲೇ ಪರ್ಸೆಂಟ್ ಸೇರಿಸಿ ಕಳ್ಸು.

ಹಳೇಬೇರು
ಈ ಎರಡು ಗೆರೆ ಮೈಎಸ್‌ಕ್ಯೂಎಲ್‌ಗೆ ಕೊಡಬೇಡಿ ಯಾರೂ. ಅಲ್ಲಿ ಮಾಮೂಲಿ ಸೆಟ್ಟಿಂಗಲ್ಲಿ || ಅಂದ್ರೆ 'ಅಥವಾ' ಅಂತ ಅರ್ಥ, ಜೋಡಿಸೋದಲ್ಲ. ಅಲ್ಲಿ ಕಾನ್‌ಕ್ಯಾಟ್ ಫಂಕ್ಷನ್ ಬೇಕು.

ತೂಕಡಿಕೆ
ಎಸ್ಕೇಪ್ ಮಾಡೋದು ಅಂದ್ರೆ % ಇದ್ರೆ !%, _ ಇದ್ರೆ !_, ಕೊನೆಗೆ ! ಇದ್ರೆ !! ಅಂತ ಬದಲಾಯಿಸೋದು ಅಷ್ಟೇ ತಾನೆ?

ಅರ್ಧವಿರಾಮ
ಕೊನೆಗಲ್ಲ ಮಾರಾಯ, ಮೊದ್ಲು. ಮೊದ್ಲು ! ಅನ್ನೋದನ್ನ !! ಮಾಡಿ, ಆಮೇಲೆ ಉಳಿದೆರಡು. ನೀವು ಹೇಳಿದ ಹಂಗೆ ಮಾಡಿದ್ರೆ % ಮೊದ್ಲು !% ಆಗುತ್ತೆ, ಕೊನೇ ಹೆಜ್ಜೆಲಿ ನೀವೇ ಹಾಕಿದ ! ಮತ್ತೆ ಡಬಲ್ ಆಗಿ !!% ಆಗುತ್ತೆ, ಅಂದ್ರೆ ಒಂದು ನಿಜವಾದ ಆಶ್ಚರ್ಯಸೂಚಕ, ಪಕ್ಕದಲ್ಲಿ ಬಿಡುಗಡೆಯಾದ ಪರ್ಸೆಂಟ್. ಎಸ್‌ಕ್ಯೂಎಲ್ ಸರ್ವರ್ ಆದ್ರೆ [ ಚಿಹ್ನೆನೂ ಸೇರಿಸ್ಕೊಳ್ಳಿ, ಅಲ್ಲಿ [0-9] ಅಂದ್ರೆ ಯಾವುದಾದ್ರೂ ಒಂದು ಅಂಕಿ ಅಂತ ಅರ್ಥ ಇದೆ.

ಚುಕ್ಕಿಗೆರೆ
ಎಸ್‌ಕ್ಯೂಎಲ್ ಸರ್ವರಲ್ಲಿ ಕನ್ನಡ ಹುಡುಕೋರಿಗೆ ಇನ್ನೊಂದು. ಕೋಟ್ ಮುಂದೆ ಎನ್ ಅಕ್ಷರ ಹಾಕೋದು ಮರೀಬೇಡಿ. ಮರೆತ್ರೆ ಕನ್ನಡ ಅಕ್ಷರ ಎಲ್ಲ ಪ್ರಶ್ನೆಚಿಹ್ನೆ ಆಗಿ, '%????%' ಅಂತ ಹುಡುಕ್ತಾ ಕೂತಿರುತ್ತೆ.

ನಲ್‌ನಾಗ
ಯಾರೂ ನಲ್ (ಏನೂ ತುಂಬದೆ ಬಿಟ್ಟ ಜಾಗ) ಬಗ್ಗೆ ಮಾತಾಡ್ಲಿಲ್ವಾ? ಲೈಕ್ '%' ಅಂದ್ರೆ ಎಲ್ಲಾ ಬರುತ್ತೆ ಅನ್ಕೊಂಡಿರ್ತೀರ, ನಲ್ ಇರೋ ರೆಕಾರ್ಡ್ ಬರಲ್ಲ. ನಾಟ್ ಲೈಕ್ ಹಾಕಿದ್ರೂ ಬರಲ್ಲ. ನಮ್ಮಲ್ಲಿ ಒಂದ್ಸಲ ಟೇಬಲ್ಲಲ್ಲಿ 1,650 ಜನ ಇದ್ರು, ವಿಳಾಸದಲ್ಲಿ ಒಂದು ಪದ ಇರೋರು 1,204 ಅಂತ ಬಂತು, ಇಲ್ದೇ ಇರೋರು 377 ಅಂತ ಬಂತು. ಉಳಿದ 69 ಜನ ಎಲ್ಲಿ? ಇರೋರಲ್ಲೂ ಇಲ್ಲ, ಇಲ್ದೇ ಇರೋರಲ್ಲೂ ಇಲ್ಲ, ತ್ರಿಶಂಕು. ವಿಳಾಸ ತುಂಬಿಲ್ಲ, ನಲ್. ರಿಪೋರ್ಟ್ ಎರಡು ತಿಂಗಳಿಂದ ಹಂಗೇ ಹೋಗ್ತಿತ್ತು, ಯಾರೂ ಕೂಡಿ ನೋಡಿರ್ಲಿಲ್ಲ.

ಬೈನರಿಭಾವ
ಇದಕ್ಕೇ ನಾನು ಲೈಕ್ ಬಿಟ್ಟು ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸೋದು. ~ '^20_' ಅಂತ ಬರೆದ್ರೆ ಅಂಡರ್‌ಸ್ಕೋರ್ ಬರೀ ಅಂಡರ್‌ಸ್ಕೋರ್.

ನಲ್‌ನಾಗ
ನಲ್‌ಗೆ ಅದರಲ್ಲೂ ಅದೇ ಗತಿ.

ಕ್ವೆರಿಅಕ್ಕ
ಮತ್ತೆ ಅಲ್ಲಿ ಚುಕ್ಕಿ ವೈಲ್ಡ್‌ಕಾರ್ಡ್ ಆಗುತ್ತೆ. ಇವತ್ತು ಅಂಡರ್‌ಸ್ಕೋರಲ್ಲಿ ಬಿದ್ದೋರು ನಾಳೆ ಚುಕ್ಕಿಲಿ ಬೀಳ್ತಾರೆ. ಜೊತೆಗೆ ^ ಮರೆತ್ರೆ ಮಧ್ಯ ಎಲ್ಲೇ ಸಿಕ್ಕಿದ್ರೂ ಹೌದು ಅನ್ನುತ್ತೆ, ಲೈಕ್ ಮಾತ್ರ ಇಡೀ ಸ್ಟ್ರಿಂಗ್ ಹೊಂದ್ಬೇಕು ಅನ್ನುತ್ತೆ. ಪೋಸ್ಟ್‌ಗ್ರೆಸ್ 11ರಿಂದ ಸ್ಟಾರ್ಟ್ಸ್_ವಿತ್ ಅಂತ ಫಂಕ್ಷನ್ ಇದೆ, ಅದಕ್ಕೆ ಯಾವ ವೈಲ್ಡ್‌ಕಾರ್ಡೂ ಗೊತ್ತಿಲ್ಲ. ಸಾಲುಗಳ್ಳನಿಗೆ ಅವತ್ತು ಬೇಕಿದ್ದಿದ್ದು ಅದು.

ಸಾಲುಗಳ್ಳ
ಸರ್ಚ್ ಬಾಕ್ಸ್ ಎಸ್ಕೇಪ್ ಮಾಡಿದೆ, ಥ್ಯಾಂಕ್ಸ್ ಎಲ್ರಿಗೂ. ಆದ್ರೆ ಈಗ ದೆವ್ವ ಹಿಡಿದಂಗೆ ಒಂದು ಆಗ್ತಿದೆ. ಹೆಸರು ಲೈಕ್ 'ಪ್ರಕಾಶ್%' ಅಂದ್ರೆ ಒಬ್ಬ ಪ್ರಕಾಶ್ ಬರ್ತಾನೆ. ಹೆಸರು ಲೈಕ್ '%ಪ್ರಕಾಶ್' ಅಂದ್ರೆ ಬರಲ್ಲ. = ಹಾಕಿದ್ರೂ ಬರಲ್ಲ. ಸ್ಕ್ರೀನಲ್ಲಿ ಬರೀ ಪ್ರಕಾಶ್ ಅಂತಾನೇ ಇದೆ, ಮುಂದೆ ಹಿಂದೆ ಏನಿಲ್ಲ. ಕೊನೇಲಿ ಸ್ಪೇಸ್ ಇರಬಹುದು ಅಂತ ಟ್ರಿಮ್ ಹಾಕಿದೆ, ಆದ್ರೂ ಇಲ್ಲ.

ತೂಕಡಿಕೆ
ಅಂಡರ್‌ಸ್ಕೋರ್ ಎಷ್ಟಿದೆ ಅಂತ ಲೆಕ್ಕ ಹಾಕಿ ನೋಡಿ. ಪ್ರಕಾಶ್ ಅಂದ್ರೆ ಮೂರಕ್ಷರ, ಲೈಕ್ '___' ಅಂತ ಕೊಡಿ, ಬಂದ್ರೆ ಸರಿ ಇದೆ ಅಂತ.

ಒತ್ತಕ್ಷರ
ಮೂರಲ್ಲ! ಲೈಕ್‌ಗೆ ಒಂದು ಅಕ್ಷರ ಅಂದ್ರೆ ನಾವು ಬಾಯಲ್ಲಿ ಹೇಳೋ ಅಕ್ಷರ ಅಲ್ಲ, ಯೂನಿಕೋಡಿನ ಒಂದು ಕೋಡ್ ಪಾಯಿಂಟ್. ಪ, ಅರ್ಧಚಿಹ್ನೆ, ರ, ಕ, ಆ-ಕಾರ, ಶ, ಮತ್ತೆ ಅರ್ಧಚಿಹ್ನೆ. ಏಳು. ರಮ ಅಂದ್ರೆ ಎರಡು, ರಾಮ ಅಂದ್ರೆ ಮೂರು. ಕೃಷ್ಣ ಐದು. "ಸ್ತ್ರೀ" ಅನ್ನೋ ಒಂದೇ ಅಕ್ಷರಕ್ಕೆ ಆರು ಅಂಡರ್‌ಸ್ಕೋರ್ ಬೇಕು. ಎರಡಕ್ಷರದ ಹೆಸರು ಹುಡುಕ್ತೀನಿ ಅಂತ '__' ಕೊಟ್ರೆ ಕೃಷ್ಣನೂ ಸಿಗಲ್ಲ ರಾಮನೂ ಸಿಗಲ್ಲ, ರಮ ಮಾತ್ರ ಸಿಗ್ತಾನೆ. ಇದೇ ಕಾರಣಕ್ಕೆ 'ರ%' ಅಂದ್ರೆ ರಮೇಶನ ಜೊತೆ ರಾಮ, ರೀತಾ, ರೋಹಿಣಿ ಎಲ್ರೂ ಬರ್ತಾರೆ, ಯಾಕಂದ್ರೆ ಸ್ವರಚಿಹ್ನೆ ರ ಆದ್ಮೇಲೆ ಕೂತಿರುತ್ತೆ.

ಸಾಲುಗಳ್ಳ ಅವರೇ, ಆ ರೆಕಾರ್ಡಿಗೆ ಲೆಂತ್(ಹೆಸರು) ಕೊಟ್ಟು ಎಷ್ಟು ಬರುತ್ತೆ ಹೇಳಿ. ಪೋಸ್ಟ್‌ಗ್ರೆಸ್ಸಲ್ಲಿ ಅದೂ ಕೋಡ್ ಪಾಯಿಂಟೇ ಎಣಿಸೋದು.

ಸಾಲುಗಳ್ಳ
8.

ಒತ್ತಕ್ಷರ
ಸಿಕ್ತು. ಏಳಿರಬೇಕಾದ ಕಡೆ ಎಂಟು. ಕೊನೆಗೆ ಒಂದು ಅಗಲವೇ ಇಲ್ಲದ ಅಕ್ಷರ ಕೂತಿದೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ. "ಸಾಫ್ಟ್‌ವೇರ್" ಅಂತ ಬರೆಯುವಾಗ ವ ಒತ್ತಾಗಿ ಕೆಳಗೆ ಹೋಗ್ದಿರಲಿ ಅಂತ ಟ್ ಆದ್ಮೇಲೆ ಹಾಕ್ತೀವಲ್ಲ, ಅದೇ. ಯಾರೋ "ಪ್ರಕಾಶ್‌ಗೆ" ಅಂತ ಟೈಪ್ ಮಾಡಿ ಆಮೇಲೆ ಗೆ ಅಳಿಸಿದಾರೆ, ಇದು ಹಿಂದೆ ಉಳ್ಕೊಂಡಿದೆ. ಕಣ್ಣಿಗೆ ಕಾಣಲ್ಲ, ಟ್ರಿಮ್‌ಗೆ ಸ್ಪೇಸ್ ಅಲ್ಲ, ಆದ್ರೆ ಲೈಕ್‌ಗೆ ಅದೂ ಒಂದು ಅಕ್ಷರ. 'ಪ್ರಕಾಶ್%'ನಲ್ಲಿ ಪರ್ಸೆಂಟ್ ಅದನ್ನ ನುಂಗ್ತು, ಅದಕ್ಕೆ ಬಂತು. '%ಪ್ರಕಾಶ್'ನಲ್ಲಿ ನುಂಗೋರು ಇಲ್ಲ.

ರೈಟ್(ಹೆಸರು, 1) = ಸಿಎಚ್ಆರ್(8204) ಅಂತ ಹುಡುಕಿ ನೋಡಿ, 8204 ಅನ್ನೋದು ಅದರ ಯೂನಿಕೋಡ್ ನಂಬರ್, ಇನ್ನೆಷ್ಟು ಇವೆ ಗೊತ್ತಾಗುತ್ತೆ.

ಸಾಲುಗಳ್ಳ
213!! ಇನ್ನೂರ ಹದಿಮೂರು ಹೆಸರು!

ಬೈನರಿಭಾವ
ರಿಪ್ಲೇಸ್ ಹಾಕಿ ಟೇಬಲ್ ಪೂರ್ತಿ ಅದನ್ನ ಕಿತ್ತಾಕಿ.

ಒತ್ತಕ್ಷರ
ಬೇಡ ಬೇಡ. ಕೊನೇಲಿ ಇರೋದನ್ನ ಕೀಳಬಹುದು. ಪದದ ಮಧ್ಯ ಇರೋದನ್ನ ಕಿತ್ರೆ ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್ ಆಗುತ್ತೆ, ಅದರ ಅಣ್ಣ 8205 (ಜೀರೋ ವಿಡ್ತ್ ಜಾಯಿನರ್) ಕಿತ್ರೆ ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತೆ. ಜನರ ಹೆಸರಿನ ರೂಪ ಕೆಡಿಸೋಕೆ ನಾವ್ಯಾರು. ಹುಡುಕೋಕೆ ಅಂತಾನೇ ಇನ್ನೊಂದು ಕಾಲಮ್ ಇಡಿ, ಪೋಸ್ಟ್‌ಗ್ರೆಸ್ 12ರಿಂದ ಜನರೇಟೆಡ್ ಕಾಲಮ್ ಇದೆ, ತಾನಾಗೇ ತುಂಬ್ಕೊಳುತ್ತೆ. ಅದರಲ್ಲಿ ಎರಡನ್ನೂ ತೆಗೆದು ಇಡಿ, ಯೂಸರ್ ಟೈಪ್ ಮಾಡಿದ್ರಲ್ಲೂ ತೆಗೀರಿ, ಲೈಕ್ ಆ ಕಾಲಮ್ ಮೇಲೆ ಓಡಲಿ. ತೋರಿಸೋದು ಮೂಲ ಕಾಲಮ್ಮೇ.

ಅರ್ಧವಿರಾಮ
ಅದರ ಜೊತೆ ನಾರ್ಮಲೈಸ್ (ಬೇರೆ ಬೇರೆ ಕೋಡ್ ರೂಪನ ಒಂದೇ ಮಾಡೋದು) ಕೂಡ ಹಾಕ್ಬಿಡಿ, ಪೋಸ್ಟ್‌ಗ್ರೆಸ್ 13ರಿಂದ ಇದೆ. ಓ-ಕಾರದ ದೀರ್ಘ ಒಂದೇ ಕೋಡ್ ಪಾಯಿಂಟಾಗಿ ಇರಬಹುದು, ಮೂರು ತುಂಡಾಗಿನೂ ಇರಬಹುದು, ಸ್ಕ್ರೀನಲ್ಲಿ ಎರಡೂ ಒಂದೇ ತರ. ಬೇರೆ ಬೇರೆ ಕೀಬೋರ್ಡಿಂದ, ಪಿಡಿಎಫ್ಫಿಂದ ಕಾಪಿ ಮಾಡಿದ ಡೇಟಾ ಇದ್ರೆ ಖಂಡಿತ ಸಿಗುತ್ತೆ ಇಂಥದ್ದು.

ಸಾಲುಗಳ್ಳ
ಸರಿ, ಹೊಸ ಕಾಲಮ್ ಹಾಕ್ತಿದೀನಿ. ಮೊದ್ಲು ಬ್ಯಾಕಪ್ ತಗೊಂಡೆ. ಆ 213ರ ಕೊನೇ ಚಿಹ್ನೆ ತೆಗೆಯೋಕೆ ಅಪ್‌ಡೇಟ್ ಬರೆದು ಬಿಗಿನ್ ಕೊಟ್ಟು ಓಡಿಸ್ದೆ, ಅಪ್‌ಡೇಟ್ 213 ಅಂತಾನೇ ಬಂತು. ಈಗ '%ಪ್ರಕಾಶ್' ಅಂದ್ರೆ ಪ್ರಕಾಶ್ ಬರ್ತಾನೆ, ಜೊತೆಗೆ ಜಯಪ್ರಕಾಶ್ ಅಂತ ಇನ್ನಿಬ್ರು, ಅವರು ಇದ್ದಾರೆ ಅಂತಾನೇ ಗೊತ್ತಿರ್ಲಿಲ್ಲ ನಮಗೆ.

ಕಮಿಟ್_ಮಾಡ್ಬೇಡಿ
ಕಮಿಟ್ ಮಾಡಿದ್ರಾ?

ಸಾಲುಗಳ್ಳ
ಅಯ್ಯೋ.

ಕಮಿಟ್_ಮಾಡ್ಬೇಡಿ
ಹೋಗಿ ಮಾಡಿ ಸ್ವಾಮಿ, ಅಷ್ಟೂ ರೋ ಲಾಕ್ ಹಿಡ್ಕೊಂಡು ಕೂತಿದೀರ, ಬೇರೆಯವರು ಆ ರೆಕಾರ್ಡ್ ತಿದ್ದೋಕಾಗಲ್ಲ.